ಅಪ್ಪನ ದನಿಯ ಹುಡುಗಿ

ಕನಮಡಿಯ ವಿದ್ಯಾವತಿಗೆ ಹದಿನೈದು ತುಂಬಿದ ವರ್ಷ ದನಿ ಒಡೆಯಿತು. ನೆಗಡಿ ಇರಬೇಕೆಂದು ತಾಯಿ ವಿಜಯಲಕ್ಷ್ಮೀ ಅರಿಸಿನ ಹಾಕಿದ ಹಾಲು ಕುಡಿಸಿದಳು. ದನಿ ಮಾತ್ರ ತಗ್ಗುತ್ತಲೇ ಹೋಯಿತು. ಮುಟ್ಟು ನಿಂತಿತು. ಮೇಲ್ದುಟಿಯ ಮೇಲೆ ಕಪ್ಪು ಕೂದಲು ಮೂಡಿತು. ತರಗತಿಯಲ್ಲಿ ಪಾಠ ಓದಲು ಎದ್ದು ನಿಲ್ಲುವುದನ್ನೇ ಹುಡುಗಿ ಬಿಟ್ಟಳು.

ಒಂದು ಮಧ್ಯಾಹ್ನ ಹಿತ್ತಲಿಂದ ಅವಳು ಕೂಗಿದಳು: "ಎಮ್ಮಿ ಹಗ್ಗ ಹರಕೊಂಡೈತಿ, ಬರ್ರಿ!"

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅಜ್ಜಿ ಮುರಿಗೆವ್ವನ ಕೈಯಿಂದ ಮೊರ ಜಾರಿತು. ಅದು ಅವಳ ಮಗ, ವಿದ್ಯಾವತಿಯ ಅಪ್ಪ, ಗುರುಪಾದಯ್ಯನ ದನಿ. ತಿಕೋಟಾ ರಸ್ತೆಯಲ್ಲಿ ಒಣದ್ರಾಕ್ಷಿ ತುಂಬಿದ ಟೆಂಪೊ ಉರುಳಿ ಸತ್ತವನು. ಮಣ್ಣು ಮಾಡಿ ವರ್ಷಗಳೇ ಆಗಿದ್ದವು. ಹಗ್ಗ ಹರಿದ ಎಮ್ಮೆಯೂ, ಅವನಿದ್ದಾಗ ಮಾಡುತ್ತಿದ್ದಂತೆ, ನಿಂತಲ್ಲೇ ನಿಂತುಬಿಟ್ಟಿತು.

ಅಂದಿನಿಂದ ಮುರಿಗೆವ್ವ ಮೊಮ್ಮಗಳನ್ನು ಹೆಸರು ಹಿಡಿದು ಕರೆಯಲಿಲ್ಲ. ಕಣ್ಣು ಮುಚ್ಚಿಕೊಂಡು ಮಾತಾಡಿಸುವಳು. ರೊಟ್ಟಿ ಬಡಿಸುವಾಗ "ಇನ್ನೊಂದು ಹಾಕ್ಲೇನೋ?" ಎನ್ನುವಳು. ಒಂದು ಸಂಜೆ ಮೊಮ್ಮಗಳ ಕೈ ಹಿಡಿದು ಕೇಳಿದಳು:

"ಗುರುಪಾದಾ, ಗಾಡಿ ಬಿದ್ದಾಗ ಭಾಳ ಬ್ಯಾನಿ ಆತೇನೋ?"

"ಇಲ್ಲ ಯವ್ವಾ. ಏನೂ ಗೊತ್ತಾಗ್ಲಿಲ್ಲ."

ಹೇಳಿದ್ದು ವಿದ್ಯಾವತಿಯೇ. ಆದರೆ ಬಾಯಿ ತೆರೆದ ನೆನಪು ಅವಳಿಗಿರಲಿಲ್ಲ. ಅಜ್ಜಿಯನ್ನು ಅವಳು ಎಂದೂ 'ಯವ್ವಾ' ಎಂದವಳಲ್ಲ; ಹಾಗೆ ಕರೆಯುತ್ತಿದ್ದವನು ಅಪ್ಪ. ಓಢಣಿಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

"ಅವ್ವಾ, ನನ್ನೊಳಗ ಯಾರೋ ಅದಾರ."

ಮರುದಿನವೇ ತಾಯಿ ಅವಳನ್ನು ವಿಜಯಪುರಕ್ಕೆ ಕರೆದೊಯ್ದಳು. ಜಲನಗರದ ಡಾಕ್ಟರ್ ಸುಮಯ್ಯಾ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ, ಹುಡುಗಿಯನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದರು: "ಒಳಗ ಯಾರೂ ಇಲ್ಲವ್ವಾ. ಅಂಡಾಶಯದಾಗ ಒಂದು ಗಡ್ಡಿ ಐತಿ. ಅದು ಗಂಡಸರ ಹಾರ್ಮೋನ್ ತಯಾರ ಮಾಡಾಕತ್ತೈತಿ. ಭಾಳ ಅಪರೂಪ ಇದು, ಆದ್ರ ತಗೀಬಹುದು."

ಆಪರೇಷನ್ ಸುದ್ದಿ ಕೇಳಿ ಮುರಿಗೆವ್ವ ಹೊಸ್ತಿಲಿಗೆ ಅಡ್ಡ ಕೂತಳು. "ಒಮ್ಮೆ ಹೋಗಿ ತಿರುಗಿ ಬಂದಾನ. ಮತ್ತ ಕೊಲ್ಲಬ್ಯಾಡ್ರಿ."

"ಅತ್ತಿ, ಏಳ್ರಿ," ಎಂದಳು ವಿಜಯಲಕ್ಷ್ಮೀ. "ಅವರು ಹೋಗ್ಯಾರ್ರಿ. ನನ್ನ ಮಗಳು ಅದಾಳ."

ಮುದುಕಿ ಏಳಲಿಲ್ಲ. ತಾಯಿ ಮಗಳು ಅವಳನ್ನು ದಾಟಿಯೇ ಹೋದರು.

ಗಡ್ಡೆಯ ಜೊತೆಗೆ ಆ ಒಂದು ಅಂಡಾಶಯವನ್ನೂ ತೆಗೆದರು, ಇನ್ನೊಂದು ಚೆನ್ನಾಗಿತ್ತು. ಕೆಲವು ತಿಂಗಳಲ್ಲಿ ಮುಟ್ಟು ಮರಳಿತು, ತುಟಿಯ ಮೇಲಿನ ಕೂದಲು ತೆಳುವಾಯಿತು. ದನಿ ಮಾತ್ರ ಪೂರ್ತಿ ಹಿಂದಿರುಗಲಿಲ್ಲ. ಹಾಗಾಗಬಹುದೆಂದು ಡಾಕ್ಟರ್ ಮೊದಲೇ ಹೇಳಿದ್ದರು. ಮುರಿಗೆವ್ವ ಬದುಕಿದ್ದಷ್ಟು ದಿನ ವಿದ್ಯಾವತಿ ಅವಳೆದುರು ಪಿಸುಗುಟ್ಟಿಯೇ ಮಾತಾಡಿದಳು. ಮುದುಕಿ ಕಿವಿಗೊಟ್ಟು ಕಾಯುತ್ತಲೇ ಇದ್ದಳು.

ಈಗ ವಿದ್ಯಾವತಿ ಬಬಲೇಶ್ವರದ ಔಷಧಿ ಅಂಗಡಿಯೊಂದರಲ್ಲಿದ್ದಾಳೆ. ತಪಾಸಣೆಗೆ ತಪ್ಪದೆ ಹೋಗುತ್ತಾಳೆ, ಆರೋಗ್ಯ ಚೆನ್ನಾಗಿದೆ. ಫೋನಿನಲ್ಲಿ ಗಿರಾಕಿಗಳು "ಅಣ್ಣಾರ" ಎಂದರೆ ತಿದ್ದುವುದಿಲ್ಲ. ಅಂಗಡಿಯಲ್ಲಿ ಒಬ್ಬಳೇ ಉಳಿದಾಗ ಮಾತ್ರ ರೇಡಿಯೊ ಹಚ್ಚಿಡುತ್ತಾಳೆ. ತನ್ನದೇ ದನಿ ಗೋಡೆಗೆ ಬಡಿದು ಮರಳಿ ಬರುವುದು ಅವಳಿಗೆ ಬೇಡ.