ಫ್ಲಾಪಿಯ ಕಿವಿರು

ಕಾರವಾರದ ನಮ್ಮ ಕಂಪ್ಯೂಟರ್ ಕ್ಲಾಸಿನ ಅಕ್ಕೋರು ಬೈತಖೋಲದ ಮೀನುಗಾರರ ಮನೆಯವರು. ನಾವು ಫ್ಲಾಪಿ ಕೊಟ್ಟರೆ, ಮೀನುಪೇಟೆಯಲ್ಲಿ ಬಂಗಡೆ ತಾಜಾ ಹೌದೋ ಎಂದು ಕಿವಿರು ಎತ್ತಿ ನೋಡುವ ಹಾಗೆ ಅದರ ತಗಡಿನ ಮುಚ್ಚಳ ಸರಿಸಿ ನೋಡಿ, "ಎಲ್ಲಿಂದ ಬಂತು ಇದು?" ಎನ್ನುತ್ತಿದ್ದರು. ವೈರಸ್ ಕಣ್ಣಿಗೆ ಕಾಣುವುದಿಲ್ಲ ಎಂದು ಪಾಠ ಮಾಡಿದವರೂ ಅವರೇ. ಆದರೆ ಕೈ ಕೇಳಬೇಕಲ್ಲ! ಆಮೇಲೆ ಬಾಗಿಲ ಬಳಿ ಒಂಟಿಯಾಗಿ ಇಟ್ಟಿದ್ದ ಹಳೇ ಕಂಪ್ಯೂಟರಿಗೆ ಹಾಕಿ ತಪಾಸಣೆ. ಅಲ್ಲಿ ಪಾಸಾದರಷ್ಟೇ ಫ್ಲಾಪಿಗೆ ಒಳಗಿನ ಕಂಪ್ಯೂಟರುಗಳ ದರ್ಶನ.

ಅಕ್ಕೋರ ಮದುವೆ ಗೊತ್ತಾದಾಗ ಅವರ ತಮ್ಮ ಗೋವೆಯಿಂದ ಆಮಂತ್ರಣವನ್ನು ಫ್ಲಾಪಿಯಲ್ಲಿ ತಂದ. "ಬೇಗ ಪ್ರಿಂಟ್ ತೆಗಿ ಅಕ್ಕಾ" ಎಂದು ಅವಸರ ಮಾಡಿದ. ನಮ್ಮ ಪರೀಕ್ಷೆಯ ಕೆಲಸವೆಲ್ಲ ಒಳಗಿನ ಕಂಪ್ಯೂಟರುಗಳಲ್ಲಿತ್ತು. ಅಕ್ಕೋರು ಫ್ಲಾಪಿ ಹಿಡಿದು ಬಾಗಿಲ ಬಳಿಯ ಹಳೇ ಕಂಪ್ಯೂಟರಿನ ಕಡೆಗೇ ನಡೆದರು. ಪರದೆಯ ಮೇಲೆ ವೈರಸ್ಸಿನ ಹೆಸರು ಮೂಡಿತು.

"ನಿನ್ ಮದುವೇದೇ ಅಲ್ದಾ ಅಕ್ಕಾ, ಬೇರೆಯವರದ್ದಾ?" ತಮ್ಮ ಮುಖ ಸಣ್ಣದು ಮಾಡಿಕೊಂಡ.

"ನಂದೇ ಹೌದು ಮಾರಾಯಾ. ದಾರೀಲಿ ಯಾರ್ಯಾರ ಮನೆ ಹೊಕ್ಕು ಬಂತೋ!" ಅಕ್ಕೋರು ನಕ್ಕು, ಇಡೀ ಆಮಂತ್ರಣವನ್ನು ತಾವೇ ಮತ್ತೆ ಟೈಪ್ ಮಾಡಿದರು.

ಮದುವೆಗೆ ನಾವೆಲ್ಲ ಸೇರಿ ಕಂಪ್ಯೂಟರಿನಲ್ಲಿ ಶುಭಾಶಯದ ಚಿತ್ರ ಬಿಡಿಸಿ, ಫ್ಲಾಪಿಗೆ ಹಾಕಿ, ರಿಬ್ಬನ್ ಕಟ್ಟಿ ಕೊಟ್ಟೆವು. ತಲೆ ತುಂಬ ಅಬ್ಬಲಿಗೆ ಮುಡಿದಿದ್ದ ಅಕ್ಕೋರು ಮಂಟಪದಲ್ಲೇ ರಿಬ್ಬನ್ ಬಿಚ್ಚಿ, ತಗಡಿನ ಮುಚ್ಚಳ ಸರಿಸಿದರು. ಮುಂದಿನ ಮಾತು ನಮಗೆ ಗೊತ್ತೇ ಇತ್ತು. ನಗು ತಡೆದು ಕಾದು ನಿಂತೆವು. ಅವರು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಮದುಮಗ ಬಗ್ಗಿ ನೋಡಿ ಕೇಳಿದರು:

"ಎಲ್ಲಿಂದ ಬಂತು ಇದು?"