ಅರ್ಲೀನ್ ಎತ್ತಿದ ಅಮ್ಮನ ರಾಗ

ಆ ಎಲ್.ಪಿ. ರೆಕಾರ್ಡಿನ ಮಾತೆತ್ತಿದರೆ ಅರ್ಲೀನ್ ಪೆಟ್ವೇ ಇಂದಿಗೂ ಹೇಸಿಕೊಂಡು ಎದ್ದುಹೋಗುತ್ತಾಳೆ. ಷಿಕಾಗೋದ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ರಕ್ತ, ಕೀವು ಮೆತ್ತಿದ ಬಟ್ಟೆ ಒಗೆದವಳು ಆಕೆ. ಹೇಸಿಗೆಗೆ ಮುಖ ಕಿವುಚುವ ಜಾತಿಯಲ್ಲ.

ಮಿಸಿಸಿಪ್ಪಿಯಿಂದ ಬಂದಿದ್ದ ಅಮ್ಮ, ಅರ್ಲೀನ್‌ಗೂ ಅಕ್ಕ ವರ್ನೆಟಾಗೂ ಒಂದು ರಾಗ ಕಲಿಸಿದ್ದಳು. ಅದಕ್ಕೆ ಮಾತಿಲ್ಲ. ಬಾಯಿ ಮುಚ್ಚಿಕೊಂಡು ಎದೆಯಿಂದ ಎಬ್ಬಿಸಬೇಕು. ಸತ್ತವರ ಮುಂದೆ, ಮನೆಯವರೇ ಎತ್ತಬೇಕು, ಬೇರೆಲ್ಲೂ ಕೂಡದು.

ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಸ್ಟರ್ಡಿವಂಟ್ ಎಂಬ ರೆಕಾರ್ಡಿಂಗ್ ಸ್ಟುಡಿಯೋದವನು ಅರ್ಲೀನ್‌ಳನ್ನು ಕೋರಸ್‌ಗೆ ಕರೆದ. ಕೊರಳಿಗೆ ಮಣಿಸರ, ಕಣ್ಣಿಗೆ ನೇರಳೆ ಕನ್ನಡಕ, ಬಾಯಿ ತುಂಬ ಬೆಣ್ಣೆ. "ನಿಮ್ಮಂಥ ಕಂಠ ಈ ಊರಲ್ಲೇ ಇಲ್ಲಮ್ಮ. ಯಾರೂ ಕೇಳಿರದೇ ಇರೋದು ಏನಾದ್ರೂ ಹಾಡಿ," ಅಂದ. ಹೊಗಳಿಕೆಗೆ ಉಬ್ಬಿದ ಹುಡುಗಿ ಅಮ್ಮನ ರಾಗವನ್ನೇ ಎತ್ತಿಬಿಟ್ಟಳು. ಅವನು ಅದರಲ್ಲಿ ನಾಲ್ಕೇ ಉಸಿರಿನಷ್ಟನ್ನು ಕತ್ತರಿಸಿಕೊಂಡು, ಗುಹೆಯೊಳಗಿನ ಮಾರ್ದನಿ ಬೆರೆಸಿ, ಅಳುಬುರುಕ ಗಿಟಾರಿನ ಕೆಳಗೆ ತುರುಕಿದ. ಆ ಎಲ್.ಪಿ.ಯ ಕವರಿನ ಮೇಲೆ ಮೂರು ಕಣ್ಣಿನ ಹೆಣ್ಣೊಬ್ಬಳ ಚಿತ್ರ. ಅರ್ಲೀನ್‌ಳ ಹೆಸರು ಮಾತ್ರ ಎಲ್ಲೂ ಇಲ್ಲ.

"ಅಮ್ಮನ್ನ ತಗೊಂಡೋಗಿ ಬೀದೀಲಿ ನಿಲ್ಲಿಸಿದೆಯಲ್ಲೇ," ಅಂದಳು ವರ್ನೆಟಾ.

ರೆಕಾರ್ಡು ಅಲ್ಲಿಗೇ ಸಾಯಲಿಲ್ಲ, ದರಿದ್ರದ್ದು. ಊರೂರಿನ ಗಿಟಾರಿನವರು ಅದನ್ನು ಗುರುವೆಂದು ಪೂಜಿಸಿದರು. ಮುಂದೆ ರ‍್ಯಾಪ್ ಹಾಡುವವರು ಬಂದು ಆ ನಾಲ್ಕು ಉಸಿರನ್ನೇ ಗಾಣಕ್ಕೆ ಕಟ್ಟಿದಂತೆ ಮತ್ತೆ ಮತ್ತೆ ಸುತ್ತಿಸಿದರು. ಕಾರುಗಳಲ್ಲಿ ಅದೇ, ಕೂದಲು ಕತ್ತರಿಸುವ ಅಂಗಡಿಯಲ್ಲಿ ಅದೇ, ಬೂಟಿನ ಜಾಹೀರಾತಿನಲ್ಲೂ ಅದೇ. ಹೆಣದ ಮೇಲಿನ ಹೂವನ್ನು ಕಿತ್ತು ಮುಡಿದುಕೊಂಡ ಹಾಗೆ. ಥೂ.

ವರ್ನೆಟಾಳ ಮೊಮ್ಮಗಳು ಶನೀಸ್‌ಗೆ ಮಾತ್ರ ಹಿಗ್ಗೋ ಹಿಗ್ಗು. "ಅಜ್ಜಿ, ಊರೆಲ್ಲ ನಿನ್ನ ದನಿಗೆ ಕುಣೀತಿದೆ. ನೀನು ನೋಡಿದ್ರೆ ಹರಳೆಣ್ಣೆ ಕುಡಿದೋರ ಥರ ಮುಖ ಮಾಡ್ಕೊಂಡಿದೀಯ."

"ಸಾವಿನ ಮನೆ ಅಳುಗೆ ಕುಣಿಯೋಕೆ ನಾಚಿಕೆ ಆಗಲ್ವೇನೇ ನಿಂಗೆ?"

ತೊಂಬತ್ತನಾಲ್ಕರಲ್ಲಿ ವರ್ನೆಟಾ ಹಾಸಿಗೆ ಹಿಡಿದಳು. ತಂಗಿಯ ಕೈ ಹಿಡಿದು ಅಂದಳು: "ನನ್ನ ಹೆಣದ ಪೆಟ್ಟಿಗೆ ಮುಂದೆ ಅಮ್ಮನ ರಾಗ ಪೂರ್ತಿ ಎತ್ತು, ಕೊನೇವರೆಗೂ. ನಾನು ಹೋದ್ರೆ ಅದು ಗೊತ್ತಿರೋಳು ನೀನೊಬ್ಳೇ. ಅಷ್ಟು ಮಾಡಿದ್ರೆ ಹಳೇದೆಲ್ಲ ಮನ್ನಿಸ್ತೀನಿ."

"ಎತ್ತುತೀನಿ ಅಕ್ಕ," ಅಂದಳು ಅರ್ಲೀನ್.

ವರ್ನೆಟಾ ತೀರಿಕೊಂಡ ಮೇಲಿನ ಶನಿವಾರ ಬೆಳಿಗ್ಗೆ ಚರ್ಚು ತುಂಬಿತ್ತು. ಬಿಳಿ ಕೈಗವಸು ತೊಟ್ಟ ಹೆಂಗಸರು ಅಳುವವರಿಗೆ ಬೀಸಣಿಗೆ ಹಂಚುತ್ತಿದ್ದರು. ಅರ್ಲೀನ್ ಪೆಟ್ಟಿಗೆಯ ಮುಂದೆ ನಿಂತು ಬಾಯಿ ಮುಚ್ಚಿ ರಾಗ ಎತ್ತಿದಳು. ಒಂದು ಉಸಿರು, ಎರಡು, ಮೂರು, ನಾಲ್ಕು. ಮುಂದಿನದಕ್ಕೆ ಎದೆಯೊಳಗೆ ತಡಕಿದಳು, ಸಿಗಲಿಲ್ಲ. ದನಿ ತಾನಾಗಿಯೇ ಮೊದಲನೆಯ ಉಸಿರಿಗೆ ಮರಳಿತು. ಮತ್ತೆ ನಾಲ್ಕು, ಮತ್ತೆ ಮೊದಲು. ಹಿಂದಿನ ಸಾಲಿನಲ್ಲಿ ಕೆಲವರ ತಲೆಗಳು ತಾಳಕ್ಕೆ ಆಡತೊಡಗಿದವು. ಅರ್ಲೀನ್‌ಗೆ ತನ್ನ ಗಂಟಲಿನ ಮೇಲೇ ಅಸಹ್ಯ ಹುಟ್ಟಿತು.

ಐದನೆಯ ಉಸಿರು ಹೇಗಿತ್ತೆಂದು ಕೇಳಬಹುದಾಗಿದ್ದ ಒಬ್ಬಳೇ ಒಬ್ಬಳು ಪೆಟ್ಟಿಗೆಯಲ್ಲಿ ಮಲಗಿದ್ದಳು.