ಡ್ಯಾಶ್‌ಬೋರ್ಡಿಗೆ ಚೊಗರು

ಶಿವಮೊಗ್ಗದ ಹೊಸಮನೆಯಲ್ಲಿ ಉಜ್ಜನಪ್ಪನವರ ಮನೆ ಯಾವುದೆಂದು ಕೇಳಿದರೆ ಯಾರೂ ನಂಬರು ಹೇಳುವುದಿಲ್ಲ. ಒಬ್ಬರು ದಿನವಿಡೀ ಕಾರನ್ನು ಅಲ್ಲಿಂದಿಲ್ಲಿಗೆ ಸರಿಸುತ್ತಿರುತ್ತಾರೆ ನೋಡಿ, ಅವರದೇ ಎನ್ನುತ್ತಾರೆ. ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ. ಬೆಳಿಗ್ಗೆ ಹತ್ತರವರೆಗೆ ಕಾರು ಅವರದೇ ಕಾಂಪೌಂಡಿನ ನೆರಳಲ್ಲಿರುತ್ತದೆ. ಆಮೇಲೆ ಎದುರುಮನೆ ಕಾಳಮ್ಮನವರ ನುಗ್ಗೆಮರದ ಕೆಳಗೆ. ನುಗ್ಗೆಮರದ ನೆರಳೆಂದರೆ ಜರಡಿ ಹಿಡಿದ ಹಾಗೆ. ಅಷ್ಟು ನೆರಳಿಗೂ ಕಾಳಮ್ಮನವರು ಗೇಟಿಗೆ ಅಡ್ಡವಾಯಿತೆಂದು ದಿನಾ ಗೊಣಗುತ್ತಾರೆ. ಇಡೀ ಬೀದಿಯಲ್ಲಿ ಎಲ್ಲೂ ನೆರಳಿಲ್ಲದ ಮಧ್ಯಾಹ್ನದ ಎರಡು ಗಂಟೆ ಕಾಲ ಉಜ್ಜನಪ್ಪನವರು ಊಟದ ತಟ್ಟೆ ಹಿಡಿದು ಜಗುಲಿಗೆ ಬಂದು, ಒಲೆಯ ಮೇಲೆ ಹಾಲಿಟ್ಟವರ ಹಾಗೆ ಕಾರನ್ನೇ ನೋಡುತ್ತಾರೆ. ನೋಡಿದರೆ ಬಿಸಿಲು ಕಡಿಮೆಯಾಗುತ್ತದೆಯೇ? ಹೆಂಡತಿ ಪುಷ್ಪಮ್ಮ ಏಳು ವರ್ಷದಿಂದ ಕೇಳುತ್ತಿರುವ ಪ್ರಶ್ನೆಯೂ ಅದೇ.

ಉಜ್ಜನಪ್ಪನವರ ಈ ಗೀಳು ಹುಟ್ಟು ಗುಣವಲ್ಲ, ಕಾರ್ಖಾನೆ ಕಲಿಸಿದ್ದು. ಭದ್ರಾವತಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಮೂವತ್ತೆರಡು ವರ್ಷ ರಬ್ಬರಿನ ಬೆಲ್ಟು, ಪೈಪು, ವಾಷರುಗಳು ಅವರ ಸುಪರ್ದಿನಲ್ಲಿದ್ದವು. ಕತ್ತಲೆ ಕೋಣೆಯಲ್ಲಿ, ಪೌಡರು ಹಾಕಿಸಿಕೊಂಡು, ಬಾಣಂತಿಯರ ಹಾಗೆ ಬೆಚ್ಚಗೆ ಮಲಗಿರುತ್ತಿದ್ದವು. ಒಂದು ವಾಷರು ಬೇಕೆಂದರೂ ಫಿಟ್ಟರ್‌ಗಳು ಮೂರು ಸಲ ಕಾರಣ ಹೇಳಬೇಕಿತ್ತು. ನಿವೃತ್ತಿಯಾದ ವರ್ಷ ಕೊಂಡ ಕಾರನ್ನೂ ಹಾಗೇ ಇಡುವ ಆಸೆ. ಆದರೆ ಮನೆಗೆ ಶೆಡ್ಡಿಲ್ಲ, ಇದ್ದೊಂದು ಹೊಂಗೆಮರ ರಸ್ತೆ ಅಗಲವಾದಾಗ ಹೋಯಿತು. ಕಪ್ಪಗೆ ಮಿಂಚುತ್ತಿದ್ದ ಡ್ಯಾಶ್‌ಬೋರ್ಡು ಬೂದಿ ಬಳಿದ ಹಾಗಾಯಿತು. ಬಾಗಿಲಿನ ರಬ್ಬರು ಸೀಳು ಬಿಟ್ಟಿತು. ರಬ್ಬರು ಕಾದು ನಿವೃತ್ತರಾದ ಮನುಷ್ಯನಿಗೆ ಇದಕ್ಕಿಂತ ಅವಮಾನ ಬೇರೆ ಇಲ್ಲ.

ವಿದ್ಯಾನಗರದಲ್ಲಿ ಕಾರಿನ ಸಾಮಾನು ಮಾರುವ ಸುನಿಲ್ ಎಂಬಾತ ಪರಿಹಾರ ಹೇಳಿಯೇ ಇದ್ದ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ನೀರಿನಂಥ ಒಂದು ದ್ರವವನ್ನು ತೆಳ್ಳಗೆ ಹಚ್ಚಿ, ನಿಲ್ಲಿಸಿದಾಗಲೆಲ್ಲ ಮುಂದಿನ ಗಾಜಿಗೆ ಒಳಗಿನಿಂದ ಪರದೆ ಇಡಬೇಕು, ಅಷ್ಟೇ. ಉಜ್ಜನಪ್ಪನವರು ಬಾಟಲಿ, ಪರದೆ ಎರಡನ್ನೂ ಕೊಂಡು, ದ್ರವ ಹಚ್ಚಿ ನೋಡಿದರು. ಹೊಳೆಯಲೇ ಇಲ್ಲ. ಹೊಳೆಯದ ಮೇಲೆ ಹಚ್ಚಿದ್ದೇನು ಬಂತು? ಬಾಟಲಿ ಅಟ್ಟಕ್ಕೆ ಹೋಯಿತು. ಪರದೆಯನ್ನು ಪುಷ್ಪಮ್ಮ ಹಪ್ಪಳ ಒಣಗಿಸಲು ತೆಗೆದುಕೊಂಡರು.

ಹೀಗಿರುವಾಗ ಭದ್ರಾವತಿಯಲ್ಲಿರುವ ತಂಗಿ ಶೀಲಾಳ ಮಗಳು ಮೈತ್ರಿಯ ಮದುವೆ ಗೊತ್ತಾಯಿತು. ಛತ್ರ ಶಿವಮೊಗ್ಗದ ನವುಲೆಯ ಕಡೆ. ಹುಡುಗಿಯನ್ನು ಭದ್ರಾವತಿಯಿಂದ ಛತ್ರಕ್ಕೆ ತರುವುದೂ, ಮುಹೂರ್ತದ ಹೊತ್ತಿಗೆ ಕೈಹಿಡಿದು ಹಸೆಮಣೆಗೆ ಕರೆದೊಯ್ಯುವುದೂ ಸೋದರಮಾವನ ಹಕ್ಕು. ಕಾರು ಕೊಂಡ ದಿನದಿಂದ ಉಜ್ಜನಪ್ಪನವರು ಮೈತ್ರಿಗೆ ಹೇಳುತ್ತ ಬಂದ ಮಾತೂ ಅದೇ: ನಿನ್ನ ಮದುವೆಗೆ ಇದೇ ಕಾರು. ಈಗ ಶೀಲಾ ಫೋನು ಮಾಡಿ, ಬಾಡಿಗೆ ಕಾರು ಹೇಳುತ್ತೇವೆ, ನೀನು ಆರಾಮಾಗಿ ಬಾ ಎಂದಳು. ಕಾರಣ ಕೇಳಿದ್ದಕ್ಕೆ ಸುತ್ತಿಬಳಸಲಿಲ್ಲ.

"ಅಣ್ಣ, ಬೇಜಾರ್ ಮಾಡ್ಕೋಬೇಡ. ನಿನ್ ಕಾರಿನ ಬಾಗ್ಲು ಹಾಕಿದ್ರೆ ರಬ್ಬರ್ ಪುಡಿ ಉದುರುತ್ತೆ. ಗಂಡಿನ ಕಡೆಯವರು ನೋಡ್ತಾರೆ."

ಉಜ್ಜನಪ್ಪನವರು ಎರಡು ದಿನ ಕಾರಿನ ಬಾಗಿಲು ತೆಗೆದು ಹಾಕಿ, ಉದುರಿದ ಪುಡಿ ಗುಡಿಸಿದರು. ಮೂರನೆಯ ದಿನ ಹೆಂಡತಿಯ ಅಣ್ಣ ಭೈರಪ್ಪನವರ ಮನೆಗೆ ಹೋಗಿದ್ದಾಗ ಜ್ಞಾನೋದಯವಾಯಿತು. ಭೈರಪ್ಪನವರು ಅಂಗಳದಲ್ಲಿ ಅಡಿಕೆಗೆ ಚೊಗರು ಹಾಕುತ್ತಿದ್ದರು. ಅಡಿಕೆ ಬೇಯಿಸಿ ಉಳಿದ ಕೆಂಪು ನೀರು ಬತ್ತಿ ಗಟ್ಟಿಯಾದದ್ದೇ ಚೊಗರು. ಅದನ್ನು ಹಾಕಿದರೆ ಪೇಲವ ಅಡಿಕೆಗೂ ಬಣ್ಣ ಕಟ್ಟುತ್ತದೆ. ಹಾಕಿದ ಮೇಲೆ ಒಣಗಲು ಬಿಡುವುದು ಎಲ್ಲಿ? ಉರಿಬಿಸಿಲಿನಲ್ಲಿ! ಬಿಸಿಲು ಬಿದ್ದಷ್ಟೂ ಹೊಳಪು. ಲೋಕವೆಲ್ಲ ಬಿಸಿಲಿಗೆ ಹೆದರುವಾಗ ಬಿಸಿಲನ್ನೇ ಕುಡಿದು ಮಿಂಚುವ ಪದಾರ್ಥ ಮನೆಯಂಗಳದಲ್ಲೇ ಇದೆ, ನಾನು ಏಳು ವರ್ಷ ನುಗ್ಗೆಮರದ ಕೆಳಗೆ ಕಳೆದೆನಲ್ಲ ಎಂದು ಅವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು. ಒಂದು ಬಾಟಲಿ ಚೊಗರು ತಂದರು. ಒಣಗಿ ಬಿರುಕು ಬಿಡದಿರಲೆಂದು ಸ್ವಂತ ಬುದ್ಧಿಯಿಂದ ಹರಳೆಣ್ಣೆ ಬೆರೆಸಿದರು. ಡ್ಯಾಶ್‌ಬೋರ್ಡಿಗೂ ಬಾಗಿಲಿನ ರಬ್ಬರಿಗೂ ಎರಡೆರಡು ಕೈ ಬಳಿದರು.

ಸಂಜೆಯ ಬೆಳಕಿನಲ್ಲಿ ಡ್ಯಾಶ್‌ಬೋರ್ಡು ಮೊದಲ ದರ್ಜೆಯ ರಾಶಿ ಅಡಿಕೆಯ ಹಾಗೆ ಕೆಂಪುಕಪ್ಪಾಗಿ ಹೊಳೆಯಿತು. ಅವರು ನಾಲ್ಕು ಫೋಟೋ ತೆಗೆದು ತಂಗಿಗೆ ಕಳಿಸಿದರು. ಫೋಟೋಕ್ಕೆ ಅಂಟು ಇರುವುದಿಲ್ಲ, ವಾಸನೆಯಿರುವುದಿಲ್ಲ. ಶೀಲಾ ಬಾಡಿಗೆ ಕಾರು ಬೇಡವೆಂದು ಹೇಳಿಯೂಬಿಟ್ಟಳು.

ಮದುವೆಗೆ ನಾಲ್ಕು ದಿನವಿರುವಾಗ ಲಗ್ನಪತ್ರಿಕೆ ಹಂಚಲು ಅಮ್ಮ ಮಗಳು ಹೊಸಮನೆಗೆ ಬಂದರು. ಶೀಲಾ ಕಾರಿನ ಬಾಗಿಲು ತೆಗೆದರೆ ರಬ್ಬರು ಪ್ಲಾಸ್ಟರು ಕಿತ್ತ ಹಾಗೆ ಚರ್ರೆಂದಿತು. ಒಳಗಿನಿಂದ ಅಡಿಕೆ ಬೇಯಿಸುವ ಹಂಡೆಯ ಘಾಟು. ಹತ್ತುವಾಗ ಆಸರೆಗೆಂದು ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟಳು. ಕೈ ಬರಲಿಲ್ಲ. ಎಳೆದಾಗ ಬಂತು, ಆದರೆ ಐದು ಬೆರಳಿನ ಅಚ್ಚನ್ನು ಅಲ್ಲೇ ಬಿಟ್ಟು, ಬಣ್ಣವನ್ನಷ್ಟೇ ಕರೆದುಕೊಂಡು ಬಂತು.

"ಅಣ್ಣಾ, ಏನಿದು?" ಶೀಲಾ ಅಂಗೈ ತೋರಿಸಿದಳು. "ರೇಷ್ಮೆ ಸೀರೆಗೆ ತಾಗಿದ್ರೆ ಹೋಗತ್ತಾ ಇದು? ನಿನ್ ಕಾರಿಗೆ ಬಣ್ಣ ಕಟ್ಟೋಕ್ ಹೋಗಿ ನನ್ ಮಗಳ ಮದ್ವೆಗೆ ಬಣ್ಣ ಹಚ್ತೀಯಾ ಮಾರಾಯ?"

ಉಜ್ಜನಪ್ಪನವರು ಕಾರನ್ನು ಸುನಿಲನ ಅಂಗಡಿಗೆ ಓಡಿಸಿದರು. ಸುನಿಲ್ ಬೆರಳಿಂದ ಮುಟ್ಟಿ, ಮೂಸಿ, ನಗು ತಡೆದುಕೊಂಡ. ಅವನ ಮನೆಯವರದೂ ಅಡಿಕೆ ತೋಟವೇ.

"ಅಡಿಕೆ ಕುಡಿಯತ್ತೆ ಸಾರ್. ಪ್ಲಾಸ್ಟಿಕ್ ಕುಡಿಯಲ್ಲ. ಹಚ್ಚಿದ್ದೆಲ್ಲ ಮೇಲೇ ಕೂತಿದೆ."

ಮೂವತ್ತೆರಡು ವರ್ಷದ ಸರ್ವಿಸ್ಸು ಇಷ್ಟು ಸಣ್ಣ ಮಾತಿಗೆ ಮಣ್ಣುಮುಕ್ಕಿತು. ಸುನಿಲ್ ಬೆಚ್ಚಗಿನ ಸೋಪಿನ ನೀರಿನಲ್ಲಿ ಬಾಗಿಲಿನ ರಬ್ಬರನ್ನು ಒರೆಸಿಕೊಟ್ಟ. ಡ್ಯಾಶ್‌ಬೋರ್ಡಿನ ಸಣ್ಣ ಸಣ್ಣ ಗೆರೆಗಳಲ್ಲಿ ಇಳಿದದ್ದನ್ನು ತೆಗೆಯಲು ವಾರವಾದರೂ ಬೇಕು, ಅರ್ಧ ತೆಗೆದರೆ ಹುಲಿವೇಷದ ಹಾಗೆ ಪಟ್ಟೆಪಟ್ಟೆಯಾಗುತ್ತದೆ, ಮದುವೆ ಮುಗಿಸಿ ಬನ್ನಿ ಎಂದ. ಬಾಡಿಗೆ ಕಾರಿನವರಿಗೆ ಅಷ್ಟರಲ್ಲಿ ಬೇರೆ ಮದುವೆ ಸಿಕ್ಕಿತ್ತು. ಲಗ್ನದ ಹಂಗಾಮು, ಇನ್ನೊಂದು ಕಾರು ಸುಲಭಕ್ಕೆ ಸಿಗುವುದಿಲ್ಲ. ಶೀಲಾ ಫೋನಿನಲ್ಲಿ ಅತ್ತಳು. ಉಜ್ಜನಪ್ಪನವರು, ತಪ್ಪು ನನ್ನದೇ, ಬಸ್ಸಿನಲ್ಲಾದರೂ ಬಂದು ಹುಡುಗಿಯನ್ನು ಕರೆತರುತ್ತೇನೆ, ನನ್ನ ಕಾರು ಬೇಡ ಎಂದರು. ಆಗ ಮೈತ್ರಿ ಅಮ್ಮನ ಕೈಯಿಂದ ಫೋನು ಕಿತ್ತುಕೊಂಡಳು.

"ಮಾವ, ಸೀರೆ ಛತ್ರದಲ್ಲೇ ಉಟ್ಕೊಳ್ತೀನಿ. ಹಳೇ ಚೂಡಿದಾರ್ ಹಾಕ್ಕೊಂಡ್ ಬರ್ತೀನಿ. ನೀವು ಬನ್ನಿ, ಅಷ್ಟೇ."

ಹಾಗೆ ಮದುಮಗಳು ಹಳೆಯ ಚೂಡಿದಾರದಲ್ಲಿ, ಮಲ್ಲಿಗೆಯ ದಂಡೆ ಮುಡಿದು, ಸೀರೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲೇ ಕೂತು ಭದ್ರಾವತಿಯಿಂದ ಬಂದಳು. ಹಿಂದಿನ ಸೀಟಿನಲ್ಲಿ ಶೀಲಾ ದಾರಿಯುದ್ದಕ್ಕೂ ಎರಡು ಕೈಗಳನ್ನೂ ಮಡಿಲಲ್ಲಿ ಬಿಗಿಹಿಡಿದು, ಏನನ್ನೂ ಮುಟ್ಟದೆ ಕೂತಿದ್ದಳು.

ಮರುದಿನ ಮುಹೂರ್ತ ನಡುಮಧ್ಯಾಹ್ನಕ್ಕೆ. ಉಜ್ಜನಪ್ಪನವರು ಬೆಳಿಗ್ಗೆಯೇ ಎದ್ದು ಛತ್ರದ ಆವರಣವೆಲ್ಲ ಸುತ್ತಿ, ಗೋಡೆಯ ಪಕ್ಕ ಒಳ್ಳೆಯ ನೆರಳು ಹುಡುಕಿ ಕಾರು ನಿಲ್ಲಿಸಿದ್ದರು. ಹನ್ನೊಂದೂವರೆಗೆ ಕಿಟಕಿಯಿಂದ ಬಗ್ಗಿದರೆ ನೆರಳು ಗೋಡೆಯ ಬುಡಕ್ಕೆ ಸರಿದಿತ್ತು. ಬಿಸಿಲು ಬಾನೆಟ್ಟಿನ ಮೇಲೆ ಹತ್ತಿ ಗಾಜಿನ ಕಡೆ ಹೊರಟಿತ್ತು. ಎರಡೇ ನಿಮಿಷದ ಕೆಲಸ. ಕೈ ಜೇಬಿನೊಳಗೆ ಬೀಗದಕೈ ಹುಡುಕಿತು. ಅದೇ ಹೊತ್ತಿಗೆ ಸೋದರಮಾವ ಎಲ್ಲಿ ಎಂದು ಪುರೋಹಿತರು ಮೈಕಿನಲ್ಲಿ ಕರೆದರು. ಕೆಂಪಂಚಿನ ರೇಷ್ಮೆಯುಟ್ಟ ಮೈತ್ರಿ ಪಕ್ಕಕ್ಕೇ ಬಂದು ನಿಂತಿದ್ದಳು.

"ಏನ್ ನೋಡ್ತಿದೀರ ಮಾವ? ಕಾರ್ ಎಲ್ಲೂ ಹೋಗಲ್ಲ."

"ಕಾರ್ ಹೋಗಲ್ಲಮ್ಮ," ಎಂದರು ಉಜ್ಜನಪ್ಪನವರು. "ನೆರಳು ಹೋಗತ್ತೆ."

ಅವಳು ನಗಲಿಲ್ಲ. ಕೈ ಚಾಚಿದಳು. ಅವರು ಬೀಗದಕೈ ಬಿಟ್ಟು ಆ ಕೈಯನ್ನು ಹಿಡಿದರು. ಹಸೆಮಣೆಯವರೆಗಿನ ಇಪ್ಪತ್ತು ಹೆಜ್ಜೆಯಲ್ಲಿ ಒಂದೇ ಒಂದು ಸಲ ಕಿಟಕಿಯ ಕಡೆ ತಿರುಗಿದರು. ಅದು ಪುಷ್ಪಮ್ಮನ ಕಣ್ಣಿಗೆ ಬಿತ್ತು.

ಊಟ ಮುಗಿಸಿ ಕಾರಿನ ಹತ್ತಿರ ಹೋಗುವಷ್ಟರಲ್ಲಿ ಮೂರೂವರೆ. ಬಾಗಿಲು ತೆಗೆದರೆ ಮುಖಕ್ಕೆ ಬಡಿದದ್ದು ಒಲೆಯ ಝಳ. ನಾಲ್ಕು ಗಂಟೆ ಕಾಲ ಬಿಸಿಲಿನಲ್ಲಿ ಬೆಂದ ಚೊಗರು ಮೆತ್ತಗಾಗಿ ಹರಡಿ, ಶೀಲಾಳ ಐದು ಬೆರಳಿನ ಅಚ್ಚು ಇದ್ದ ಜಾಗವೇ ಗೊತ್ತಾಗದಂತೆ ಮುಚ್ಚಿಕೊಂಡಿತ್ತು. ಉಜ್ಜನಪ್ಪನವರು ನಂಬಲಾರದೆ ಬಗ್ಗಿ ನೋಡಿದರು. ಪಕ್ಕದಲ್ಲೇ ವೀಳ್ಯದೆಲೆ ಮಡಚುತ್ತಿದ್ದ ಪುಷ್ಪಮ್ಮನನ್ನು ಕರೆದು, ನೋಡಿದೆಯಾ, ಕೊನೆಗೆ ಬಿಸಿಲೇ ಸರಿ ಮಾಡಿತು ಎಂದರು. ಎಲ್ಲಿ ಎಂದು ಕೇಳಿದ ಆಕೆಗೆ ತೋರಿಸಲು ಹೋಗಿ, ಸರಿಯಾಗಿ ಅದೇ ಜಾಗದಲ್ಲಿ ತಮ್ಮ ಕೈ ಊರಿದರು.